ಬೆರಳಿಗೆ ಬಿಗಿ

ಮಲಪ್ರಭೆಯ ದಂಡೆಯಲ್ಲಿ ಮುರಿಗಯ್ಯಜ್ಜನವರ ಆಶ್ರಮ. ಅದಕ್ಕೆ ಹೊಲವಿರಲಿಲ್ಲ, ದಾನ ಕೊಡುವವರೂ ಇರಲಿಲ್ಲ. ಇದ್ದದ್ದು ಒಂದು ತಗಡಿನ ಶೆಡ್ಡು. ಅದರಲ್ಲಿ ಗುರು ಶಿಷ್ಯರು ಸೈಕಲ್ ರಿಪೇರಿ ಮಾಡುತ್ತಿದ್ದರು.

ಗಿರಾಕಿ ಮರಳಿ ಬಂದರೆ ರೊಟ್ಟಿ, ಬಾರದಿದ್ದರೆ ಅಂಬಲಿ. ಹೊಸ ಶಿಷ್ಯನಿಗೆ ಅಜ್ಜ ಮೊದಲು ಹೇಳುತ್ತಿದ್ದದ್ದು ಇದನ್ನೇ. ಮಂತ್ರ ಆಮೇಲೆ.

ಶೆಡ್ಡಿನಲ್ಲಿ ಒಂದು ರೂಢಿ ಬೆಳೆದಿತ್ತು. ಪೆಡಲ್ಲಿನ ಅಚ್ಚಿಗೆ ಹೊಸ ಬೇರಿಂಗ್ ಕೂರಿಸಿದ ಮೇಲೆ ಸೈಕಲ್ಲನ್ನು ಬೋರಲು ನಿಲ್ಲಿಸಿ, ಚೈನು ಕಳಚಿ, ಪೆಡಲ್ಲಿಗೆ ಕೈಯಿಂದ ಒಂದು ಏಟು ಕೊಟ್ಟು ತಿರುಗಿಸಿ ತೋರಿಸಬೇಕು. ಎಷ್ಟು ಹೊತ್ತು ತಿರುಗಿತೋ ಅಷ್ಟು ಚಲೋ ಕೈ ಎಂದು ಜನ ತೀರ್ಮಾನ ಮಾಡುತ್ತಿದ್ದರು.

ಈ ರೂಢಿಯನ್ನು ಅಜ್ಜ ಶುರು ಮಾಡಿದ್ದಲ್ಲ. ನಿಲ್ಲಿಸಿಯೂ ಇರಲಿಲ್ಲ.

ಸೋಮನಿಂಗ ಎಂಬ ಶಿಷ್ಯ ಮೊದಲ ಸಲ ಒಬ್ಬನೇ ಬೇರಿಂಗ್ ಕೂರಿಸಿದ್ದು ಪಾರವ್ವನ ಸೈಕಲ್ಲಿಗೆ. ಪಾರವ್ವ ಮೊಸರು ಮಾರುವವಳು. ದಿನಾ ಗಡಿಗೆ ಹೇರಿಕೊಂಡು ಹೊಳೆ ದಾಟಿ ಆಚೆ ಊರಿಗೆ ಹೋಗುತ್ತಿದ್ದಳು.

ಬೇಸಿಗೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಅಂಬಿಗ ಭೀಮಶಿಯ ದೋಣಿಗೆ ಕೆಲಸವಿರಲಿಲ್ಲ, ಬಾಯಿಗಿತ್ತು. ಅವನು ಬೆಳಗ್ಗೆಯೇ ಬಂದು ಶೆಡ್ಡಿನ ಮುಂದೆ ಕೂತಿದ್ದ. ಇನ್ನೂ ನಾಲ್ಕಾರು ಮಂದಿ ಸೇರಿದ್ದರು.

ಸೋಮನಿಂಗ ಪೆಡಲ್ಲಿಗೆ ಏಟು ಕೊಟ್ಟ. ಅದು ಒಂದು ಸುತ್ತು ಸುತ್ತಿ, ಇನ್ನೊಂದಕ್ಕೆ ಮನಸ್ಸಿಲ್ಲದಂತೆ ನಿಂತಿತು.

"ಏನೋ ಸೋಮನಿಂಗಾ," ಎಂದ ಭೀಮಶಿ, "ಒಳಗ ಗ್ರೀಸ್ ತುಂಬೀಯೋ, ಬೆಲ್ಲದ ಪಾಕ ತುಂಬೀಯೋ?"

ಎಲ್ಲರೂ ನಕ್ಕರು.

"ಬಿಗಿ ಐತಿ ನೋಡೋ ತಮ್ಮಾ," ಎಂದಳು ಪಾರವ್ವ. "ಗಡಿಗಿ ಹೇರಕೊಂಡು ಇದನ್ನ ನಾ ಹೆಂಗ ತುಳೀಲಿ?"

ಅಜ್ಜ ಒಳಗೆ ಚಕ್ರದ ಕಡ್ಡಿ ಬಿಗಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಹೊಸಾದು ಕೈಗೆ ಹಂಗ ಇರತೈತಿ."

ಸೋಮನಿಂಗನ ಕಿವಿಯಲ್ಲಿ ನಗು ತುಂಬಿತ್ತು. ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

"ನಾಳಿ ಬಾ ಯವ್ವಾ," ಎಂದ. "ಸಡಲ ಮಾಡಿ ಕೊಡ್ತೇನಿ."

ಮಧ್ಯಾಹ್ನ ಅಜ್ಜ ಮಲಗಿದ್ದರು. ಸೋಮನಿಂಗ ಬೇರಿಂಗ್ ಬಿಚ್ಚಿದ. ಗುಂಡುಗಳನ್ನು ಮುಚ್ಚಿದ್ದ ರಬ್ಬರ್ ಬಳೆಗಳನ್ನು ದಬ್ಬಣದಿಂದ ಎಬ್ಬಿಸಿ ತೆಗೆದ. ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದ. ಹೊಲಿಗೆ ಮಷಿನ್ನಿಗೆ ಬಿಡುವ ತೆಳ್ಳನೆಯ ಎಣ್ಣೆ ಬಿಟ್ಟು ಮತ್ತೆ ಕೂರಿಸಿದ. ರಬ್ಬರ್ ಬಳೆಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮರುದಿನ ಪೆಡಲ್ಲಿಗೆ ಏಟು ಕೊಟ್ಟ.

ಅದು ತಿರುಗಿತು. ತಿರುಗುತ್ತಲೇ ಇತ್ತು. ಭೀಮಶಿ ಬೀಡಿ ಹಚ್ಚಿದ, ಎರಡು ಜುರಕಿ ಎಳೆದ, ಇನ್ನೂ ತಿರುಗುತ್ತಿತ್ತು.

"ಹುಡುಗಾ! ಅಜ್ಜಾರ ಕೈಗಿಂತ ನಿನ್ನ ಕೈ ಚಲೋ ಐತಲೇ!" ಎಂದು ಚಪ್ಪಾಳೆ ಹೊಡೆದ. ಉಳಿದವರೂ ಹೊಡೆದರು. ಪಾರವ್ವ ನಗುತ್ತಾ ಸೈಕಲ್ ತೆಗೆದುಕೊಂಡು ಹೋದಳು.

ಅಜ್ಜ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದರು. ಪೆಡಲ್ ನೋಡಿದರು, ಶಿಷ್ಯನನ್ನು ನೋಡಿದರು. ಏನೂ ಹೇಳದೆ ಒಳಗೆ ಹೋದರು.

ವಾರ ಕಳೆಯುವುದರೊಳಗೆ ಪಾರವ್ವ ಮರಳಿ ಬಂದಳು. ಅವಳಿಗಿಂತ ಮೊದಲು ಪೆಡಲ್ಲಿನ ಕರಕರ ಸಪ್ಪಳ ಬಂತು. ಸೈಕಲ್ಲನ್ನು ತಳ್ಳುತ್ತಿದ್ದಳು. ಸೀರೆಯ ತುಂಬ ಮೊಸರು, ಮೊಣಕೈ ತರಚಿ ರಕ್ತ.

"ಹೊಳಿ ದಾಟಿ ಆ ದಂಡಿ ಏರಾಕ ಹತ್ತಿದ್ದೆ ಅಜ್ಜಾರ. ಪೆಡಲ್ ಗಪ್ಪನ ಹಿಡಕೊಂತು. ಬಿದ್ದೆ. ಗಡಿಗಿ ಎಲ್ಲಾ ಒಡದ್ವು. ಇವತ್ತ ಕುಬಸದ ಮನೀಗೆ ಮೊಸರು ಒಪ್ಪಕೊಂಡಿದ್ದೆ. ಬಸರಿ ಹೆಣ್ಣಮಗಳು ಸೀಮಂತದ ಊಟಕ್ಕ ಕುಂತಿರತಾಳ. ನನ್ನ ಮಾತು ಹೋತು."

ಸೋಮನಿಂಗ ಎದ್ದು ನಿಂತ.

ಪಾರವ್ವ ಅವನ ಕಡೆ ನೋಡಿದಳು. ಆಮೇಲೆ ಅಜ್ಜನಿಗೆ ಹೇಳಿದಳು: "ತಮ್ಮಗ ಬೈಬ್ಯಾಡ್ರಿ. ಅಂವಾ ಗಾಳಿ ಹಂಗ ತಿರಗೂ ಹಂಗ ಮಾಡಿ ಕೊಟ್ಟಿದ್ದ, ಎಲ್ಲಾರೂ ನೋಡ್ಯಾರ. ಕುಬಸದ ಮನಿ ಅಂತ ನಾನ ಒಂದು ಗಡಿಗಿ ಹೆಚ್ಚಿಗಿ ಹೇರಿದ್ದೆ. ಮ್ಯಾಲ ನನ್ನ ಮೈಭಾರ ಬ್ಯಾರೆ."

ಅಜ್ಜ ಶಿಷ್ಯನನ್ನು ಕೇಳಿದರು: "ಹೌದೇನೋ?"

ಸೋಮನಿಂಗನ ಕೈ ಸೊಂಟಕ್ಕೆ ಹೋಯಿತು. ರಬ್ಬರ್ ಬಳೆಗಳು ಅಲ್ಲೇ ಇದ್ದವು.

"ಇರಬಹುದ್ರಿ, ಅಜ್ಜಾರ," ಎಂದ.

ಅಜ್ಜ ಅಚ್ಚು ಬಿಚ್ಚಿ, ಬೇರಿಂಗನ್ನು ಶಿಷ್ಯನ ಅಂಗೈ ಮೇಲೆ ತಟ್ಟಿದರು. ಹೊಳೆಯ ಮರಳು ಉದುರಿತು.

"ಹೊಸಾದು ತಗೋ," ಎಂದರು. "ಕೂಡಿಸು."

ಈ ಸಲ ಸೋಮನಿಂಗ ಏನನ್ನೂ ಕೀಳಲಿಲ್ಲ, ತೊಳೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೂರಿಸಿದ. ಸೈಕಲ್ಲನ್ನು ಬೋರಲು ನಿಲ್ಲಿಸಿದ. ಭೀಮಶಿ ಮತ್ತು ಮಂದಿ ಅದಕ್ಕೇ ಕಾದಿದ್ದರು.

ಏಟು ಕೊಟ್ಟ. ಒಂದು ಸುತ್ತು ಮುಗಿಸಿ ಪೆಡಲ್ ನಿಂತಿತು.

"ಮತ್ತ ಬೆಲ್ಲದ ಪಾಕ!" ಎಂದ ಭೀಮಶಿ. ಮತ್ತೆ ಅದೇ ನಗು.

ಪಾರವ್ವ ಮೆಲ್ಲಗೆ ಹೇಳಿದಳು: "ಹ್ವಾದ ಸಲ ಮಾಡಿದಂಗ ಮಾಡಿ ಕೊಡೋ ತಮ್ಮಾ. ಅದು ಭಾಳ ಚಲೋ ಇತ್ತು. ಈ ಸಲ ನಾ ಗಡಿಗಿ ಕಡಿಮಿ ಹೇರತೇನಿ."

ಸೋಮನಿಂಗನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಓಡಲೂ ಆಗಲಿಲ್ಲ. ಸೊಂಟದಿಂದ ರಬ್ಬರ್ ಬಳೆಗಳನ್ನು ತೆಗೆದು ಅವಳ ಅಂಗೈಯಲ್ಲಿ ಇಟ್ಟ.

"ಏನಿದು? ಗೊಂಬಿ ಬಳಿ ಇದ್ದಂಗ ಅದಾವು."

"ನಿನ್ನ ಸೈಕಲ್ಲಿನ್ವು ಯವ್ವಾ. ಇವು ಇದ್ರ ಒಳಗ ಮಳಲು ಹೋಗಂಗಿಲ್ಲ. ನಾನ ಕಿತ್ತು ತಗದೆ. ಗ್ರೀಸೂ ತೊಳದೆ."

"ಯಾಕೋ?"

"ಇವರು ನಗತಾರಂತ."

ಭೀಮಶಿ ನೆಲ ನೋಡಿದ.

ಪಾರವ್ವನ ದನಿ ಏರಿತು. "ಅಲ್ಲೋ, ದಾರಿ ತುಂಬ ನನ್ನ ಮೈಗೆ ನಾನ ಬೈಕೊಂತ ಬಂದ್ನೆಲ್ಲೋ! ನಾಳಿಂದ ಒಂದ ರೊಟ್ಟಿ ತಿನ್ನೂದಂತ ಮಾಡಿದ್ದೆ! ಅಜ್ಜಾರು ಕೇಳಿದಾಗ ಬಾಯಾಗ ಏನ್ ಇಟಕೊಂಡಿದ್ದಿ?"

ಸೋಮನಿಂಗನ ಕಿವಿಗಳು ಕೆಂಪಾಗಿದ್ದವು.

ಅಜ್ಜ ಚೈನು ಏರಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. "ಹತ್ತವ್ವಾ. ಆ ಬೇವಿನ ಗಿಡದ ತನಕ ಹೋಗಿ ಬಾ."

ಪಾರವ್ವ ಸಿಟ್ಟಿನಲ್ಲೇ ಹತ್ತಿದಳು. ಹೋಗಿ ಬಂದಳು.

"ಬಿಗಿ ಐತೇನು?"

"ಎಲ್ಲಿ ಬಿಗಿ? ಏನೂ ಗೊತ್ತಾಗಲಿಲ್ಲ."

"ಬೆರಳಿಗೆ ಬಿಗಿ. ಕಾಲಿಗೆ ಏನೂ ಇಲ್ಲ," ಎಂದರು ಅಜ್ಜ. "ತುಳದಂಗ ತುಳದಂಗ ಬೆರಳಿಗೂ ಸಡಲ ಆಕೈತಿ."

"ಅಜ್ಜಾರ, ಈ ಮಾತು ಅವತ್ತ ಹೇಳಿದ್ರ..." ಎಂದು ಸೋಮನಿಂಗ ಶುರು ಮಾಡಿದ. ಅವತ್ತೇ ಹೇಳಿದ್ದರು ಎಂಬುದು ನೆನಪಾಗಿ ಬಾಯಿ ಮುಚ್ಚಿದ.

ಅಜ್ಜ ಒಳಗೆ ಹೋಗಿ ಆಶ್ರಮದ ನೆಲುವಿನಿಂದ ಮೊಸರಿನ ಗಡಿಗೆ ಇಳಿಸಿ ತಂದರು. ಸೈಕಲ್ಲಿಗೆ ಕಟ್ಟಿದರು.

"ನೀ ಇಲ್ಲೇ ಕುಂಡ್ರವ್ವಾ, ಮೊಣಕೈಗೆ ಅರಿಷಿಣ ಹಚ್ಚಕೋ. ಕುಬಸದ ಮನೀಗೆ ಇಂವಾ ಹೋಗತಾನ."

"ಹೋಗಿ ಏನ್ ಹೇಳ್ಲಿ ಅಜ್ಜಾರ?"

"ಈಗ ಹೇಳಿದಿಯಲ್ಲ, ಅದನ್ನ."

"ಊರ ಮಂದಿ ಎಲ್ಲಾ ಕೂಡಿರತಾರ್ರಿ ಅಲ್ಲಿ."

"ಇಲ್ಲೂ ಕೂಡಿದ್ರು."

ಸೋಮನಿಂಗ ಸೈಕಲ್ ತಳ್ಳುತ್ತಾ ಹೊಳೆಗೆ ಇಳಿದ. ನೀರು ಪೆಡಲ್ಲಿನ ಅಚ್ಚನ್ನು ಮುಟ್ಟಿತು. ಆಚೆ ದಂಡೆಯಿಂದ ಕುಬಸದ ಹಾಡು ಕೇಳುತ್ತಿತ್ತು. ಅವನ ಕಾಲು ಮುಂದೆ ಹೋಗಲಿಲ್ಲ.

ಹಿಂದೆ ನೀರಿನಲ್ಲಿ ಸಪ್ಪಳವಾಯಿತು. ತಿರುಗಿ ನೋಡಿದ. ಅಜ್ಜ ಧೋತರ ಎತ್ತಿ ಕಟ್ಟಿಕೊಂಡು ಬರುತ್ತಿದ್ದರು.

"ನೀವ್ಯಾಕ್ರಿ ಅಜ್ಜಾರ? ತಪ್ಪು ನಂದು."

ಅಜ್ಜ ಬಂದು ಕ್ಯಾರಿಯರ್ ಹಿಡಿದು ಹಿಂದಿನಿಂದ ತಳ್ಳಿದರು.

"ಹೊಸ ಬೇರಿಂಗ್ ಅಷ್ಟು ತಿರಗಂಗಿಲ್ಲ ಅಂತ ಅವತ್ತ ನನಗ ಗೊತ್ತಿತ್ತೋ. ನಮ್ಮ ಶೆಡ್ಡಿಗೆ ಚಪ್ಪಾಳಿ ಬಿತ್ತಲ್ಲ, ಸುಮ್ಮನಿದ್ದೆ."