ಕೈ ಎತ್ತಿದ ಡಾಕ್ಟರು

ಶಿಷ್ಯ ಮರುಳಸಿದ್ಧ ಕೇಳಿದ: "ಬುದ್ಧೀ, ನಾಳೆ ಶಾಲಾ ಸಮಿತಿಯಲ್ಲಿ ಬಡಮಕ್ಕಳ ಹಾಸ್ಟೆಲ್ ಮುಚ್ಚುವ ಮಾತು ಬರುತ್ತದೆ. ಬೇಡ ಅಂದರೆ ನನ್ನನ್ನೇ ಸಮಿತಿಯಿಂದ ತೆಗೆಯುತ್ತಾರೆ. ಈಗ ಹೂಂ ಅಂದು ಜಾಗ ಉಳಿಸಿಕೊಂಡರೆ, ಮುಂದೆ ಏನಾದರೂ ಒಳ್ಳೆಯದು ಮಾಡಬಹುದಲ್ಲವೇ?"

ಗುರುಗಳು ಹೇಳಿದರು: "ಭಲೆ! ಹೀಗೇ ಯೋಚಿಸಿದವನೊಬ್ಬ ರಷ್ಯಾ ದೇಶದಲ್ಲಿದ್ದ. ಕೇಳು.

ಹಿಮ ಬೀಳುವ ಒಂದು ಸಣ್ಣ ಊರು. ಅಲ್ಲೊಂದು ಹೆರಿಗೆ ಆಸ್ಪತ್ರೆ. ಅವನು ಅದರ ಡಾಕ್ಟರು. ಆಸ್ಪತ್ರೆ ಮುಚ್ಚುತ್ತಾರಂತೆ ಎಂಬ ಸುದ್ದಿ ಹುಟ್ಟಿತು. ಜನ ಅವನನ್ನೇ ಸಂಸತ್ತಿಗೆ ಆರಿಸಿ ಕಳಿಸಿದರು. 'ಇದೊಂದನ್ನು ಉಳಿಸಿಕೊಡಪ್ಪ, ಬೇರೇನೂ ಕೇಳುವುದಿಲ್ಲ' ಅಂದರು.

ಮೊದಲ ವರ್ಷವೇ ಸಂಸತ್ತಿನಲ್ಲಿ ಆಸ್ಪತ್ರೆಯ ಪರವಾಗಿ ಮಾತಾಡಲು ಎದ್ದ. ಪಕ್ಷದ ಹಿರಿಯನೊಬ್ಬ ಅಂಗಿ ಹಿಡಿದೆಳೆದು, 'ಮೊದಲು ಗಟ್ಟಿಯಾಗಿ ಕೂತುಕೋ, ಆಮೇಲೆ ಮಾತಾಡುವಿಯಂತೆ' ಅಂದ. ಇವನಿಗೂ ಸರಿ ಅನ್ನಿಸಿತು. ಪಾಪ, ಕೆಟ್ಟವನಲ್ಲ. ಚುನಾವಣೆ ಮೇಲೆ ಚುನಾವಣೆ ಗೆದ್ದ. ಊರಿಗೆ ದೀಪ ತಂದ, ಶಾಲೆಗೆ ಹೊಸ ಚಾವಣಿ ತಂದ. ತಲೆ ನರೆಯಿತು. ಕೊನೆಗೆ ಸಣ್ಣ ಆಸ್ಪತ್ರೆಗಳನ್ನೆಲ್ಲ ಮುಚ್ಚುವ ಮಸೂದೆ ಬಂತು. ಬೇಡ ಅಂದರೆ ಮುಂದಿನ ಸಲ ಟಿಕೆಟ್ ಇಲ್ಲ. ಇನ್ನೊಮ್ಮೆ ಗೆದ್ದು ಬಂದು ಮತ್ತೆ ತೆರೆಸೋಣ ಅಂದುಕೊಂಡ. ಒಪ್ಪಿಗೆಯೆಂದು ಕೈ ಎತ್ತಿದ.

ಆ ಚಳಿಗಾಲ, ಊರಲ್ಲೇ ಇದ್ದ ಅವನ ಮಗಳು ಜೋಯಾಗೆ ಹೆರಿಗೆ ನೋವು ಬಂತು. ಊರಿನ ಆಸ್ಪತ್ರೆಗೆ ಬೀಗ. ದೂರದ ಪಟ್ಟಣಕ್ಕೆ ಹೊರಟ ಗಾಡಿ ಹಿಮದಲ್ಲಿ ಸಿಕ್ಕಿಕೊಂಡಿತು. ತಾಯಿ, ಮಗು ಇಬ್ಬರೂ ದಾರಿಯಲ್ಲೇ ಹೋಗಿಬಿಟ್ಟರು. ಅಯ್ಯೋ, ಹೇಳುವುದಕ್ಕೂ ಸಂಕಟವಾಗುತ್ತದೆ.

ಆ ಸೀಮೆಯಲ್ಲಿ ಮಣ್ಣು ಮಾಡಿ ಬಂದಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಒಬ್ಬೊಬ್ಬರಾಗಿ ಎದ್ದು ಸತ್ತವರ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪನ ಸರದಿ ಬಂತು. ಎದ್ದು ನಿಂತ. 'ನಮ್ಮ ಜೋಯಾ...' ಅಂದ. ಹಿಂದೆ ಅವನ ಜೊತೆ ಕೆಲಸ ಮಾಡಿದ್ದ ಮುದಿ ಸೂಲಗಿತ್ತಿ ಅಗಾಫ್ಯಾ ಅವನ ತೋಳು ಹಿಡಿದಳು. 'ಕೂತುಕೋ ಮಗನೇ, ಮಾತಾಡುವ ಹೊತ್ತು ಆಗಲೇ ಹೋಯಿತು' ಅಂದಳು. ಬೈದದ್ದಲ್ಲ ಅದು. ಅವಳೂ ಅಳುತ್ತಿದ್ದಳು."

ಮರುಳಸಿದ್ಧನ ಕಣ್ಣು ತುಂಬಿತು. "ಆಮೇಲಾದರೂ ಆ ಸ್ಥಾನ ಬಿಟ್ಟನೇ, ಬುದ್ಧೀ?"

"ಎಲ್ಲಿ ಬಿಟ್ಟಾನು ಮಗನೇ! ಬಿಟ್ಟರೆ, ಆ ಜಾಗಕ್ಕಾಗಿ ಕೈ ಎತ್ತಿದ್ದೂ ದಂಡವಾಗಿ, ಮಗಳು ಯಾತಕ್ಕೆ ಸತ್ತಳು ಅಂತ ತನಗೆ ತಾನೇ ಉತ್ತರ ಹೇಳಿಕೊಳ್ಳಬೇಕಲ್ಲ."