ಕೂಸಿನ ಗುಡ್ಡ

ಸಂಕದಾಳದ ಬಡಗಣ ದಿಕ್ಕಿಗೆ, ಎರೆಹೊಲಗಳ ನಡುವೆ ಒಂದು ಬೋಳುಗುಡ್ಡವಿದೆ. ಗುಡ್ಡವೆನ್ನುವುದು ಊರಿನವರ ಅಭಿಮಾನ, ಬೇರೆಯವರು ದಿಬ್ಬವೆಂದಾರು. ನೆತ್ತಿಯ ಮೇಲೆ ಊರು ಕಟ್ಟಿದ ಮೂಲಪುರುಷ ಭರಮಗೌಡನ ಗುಡಿ. ಅಲ್ಲಿಗೆ ದೂರ ದೂರ ಹಾಸಿದ ಕಲ್ಲುಗಳೇ ಮೆಟ್ಟಿಲು. ಎಲ್ಲಕ್ಕಿಂತ ಕೆಳಗಿನ ಕಲ್ಲು ಮಾತ್ರ ಅಂಗೈ ಅಗಲದ್ದು. ಅಂಥ ಗೌಡನನ್ನು ಬಿಟ್ಟು ಗುಡ್ಡಕ್ಕೆ ಕೂಸಿನ ಹೆಸರೇಕೆ ಬಂತೆಂದು ಕೇಳಿದರೆ ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಗೌಡರ ಮನೆಯ ಸೊಸೆ ಬಾಳವ್ವನ ಚೊಚ್ಚಲ ಕೂಸು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಕಣ್ಣು ಮುಚ್ಚಿತು. ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಮುಂದಿನ ಬಸಿರಿಗೆ ಕೇಡೆಂದು ಅತ್ತೆ ಅವಳನ್ನು ಅಳಲೂ ಬಿಡಲಿಲ್ಲ. ಸಂಕಟವೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಸುಗ್ಗಿ ಮುಗಿದ ಮೇಲೆ, ಮನೆತನಗಳ ವಂಶಾವಳಿಯನ್ನು ಬಾಯಿಪಾಠ ಹೇಳುತ್ತ ಊರೂರು ತಿರುಗುವ ಹೆಳವರ ಸಿದ್ರಾಮ ಎತ್ತನೇರಿ ಬಂದ. ವಾಡಿಕೆಯಂತೆ ಮನೆಮಂದಿಯೆಲ್ಲ ಗುಡ್ಡದ ಬುಡದಲ್ಲಿ ಕೂತರು. ಭರಮಗೌಡನಿಂದ ಹಿಡಿದು ತಲೆಮಾರು ತಲೆಮಾರಾಗಿ ಇಳಿದು ಬಂದ ಹೆಳವ ಬಾಳವ್ವನ ಗಂಡನ ಹೆಸರಿಗೆ ನಿಲ್ಲಿಸಿದ. ಬಾಳವ್ವ ಎದ್ದು ನಿಂತು, ನನ್ನ ಕೂಸನ್ನೂ ಹೇಳು ಎಂದಳು. ಹೆಸರಿಲ್ಲದ ಕೂಸು, ಅದರಿಂದ ವಂಶ ಮುಂದಕ್ಕೆ ಇಳಿಯಲಿಲ್ಲ, ಹೇಗೆ ಹೇಳಲಿ ತಾಯಿ ಎಂದು ಅವನು ತಲೆ ತಗ್ಗಿಸಿದ. ಅತ್ತೆ ಸೆರಗು ಜಗ್ಗಿದಳು. ಸೊಸೆ ಕೂರಲಿಲ್ಲ.

“ಕೆಳಗ ಇಳೀಬ್ಯಾಡೋ ಯಪ್ಪಾ, ಮ್ಯಾಲಕ ಹತ್ತು. ನನ್ನ ಕೂಸಿಗೆ ಮಕ್ಕಳಿಲ್ಲ, ಖರೆ. ಹಿರ್ಯಾರೂ ಇಲ್ಲೇನು?”

ಮೇಲಿನಿಂದ ಕೆಳಕ್ಕೆ ಹೇಳಿ ರೂಢಿಯಾದ ಹೆಳವನ ನಾಲಗೆಗೆ ಏರುದಾರಿ ಗೊತ್ತಿರಲಿಲ್ಲ. ಆದರೂ ಎದ್ದು ಹೋಗಿ, ಆ ಪುಟ್ಟ ಮಣ್ಣಿನ ಗುಪ್ಪೆಯನ್ನು ಮುಟ್ಟಿ, “ಕೂಸು” ಎಂದ. ಕೂಸಿನ ಅಪ್ಪ, ಅವನ ಅಪ್ಪ ಎಂದು ತಡವರಿಸುತ್ತ, ಒಂದೊಂದು ಹೆಸರಿಗೂ ಒಂದಿಷ್ಟು ಮೇಲಕ್ಕೆ ಹೋಗಿ ನಿಲ್ಲುತ್ತ ಗುಡ್ಡ ಹತ್ತತೊಡಗಿದ. ಬಾಳವ್ವ ಹಿಂದೆಯೇ ಹತ್ತಿದಳು. ನಡುವೆ ಅವನಿಗೆ ಹೆಸರು ಮರೆತಾಗ, ಗಂಡನ ಮನೆಯ ಹಿರಿಯರ ಹೆಸರನ್ನು ಎಂದೂ ಬಾಯಿಬಿಟ್ಟು ಆಡದ ಅತ್ತೆಯೇ ಕೆಳಗಿನಿಂದ ಕೂಗಿ ಹೇಳಿದಳು. ಗುಡಿಯ ಮುಂದೆ ಹೆಳವ ಭರಮಗೌಡನ ಹೆಸರು ಹೇಳಿದಾಗ ಬಾಳವ್ವ ಎಲ್ಲರೆದುರು ಅತ್ತಳು. ಇಷ್ಟು ಮಂದಿ ಹಿರಿಯರಿರುವಾಗ ತನ್ನ ಕೂಸು ಒಂಟಿಯಲ್ಲ ಎಂಬ ಸಮಾಧಾನದ ಅಳು ಅದು ಎನ್ನುತ್ತಾರೆ. ಮುಂದೆ ಅವಳಿಗೆ ಮಕ್ಕಳು, ಮೊಮ್ಮಕ್ಕಳಾದರು. ಹೆಳವ ನಿಂತಲ್ಲೆಲ್ಲ ಕಲ್ಲು ಹಾಸಿದವರು ಅವರೇ. ಅಂದಿನಿಂದ ವಂಶಾವಳಿ ಕೂಸಿನಿಂದಲೇ ಶುರುವಾಯಿತು. ಗುಡ್ಡಕ್ಕೂ ಅದೇ ಹೆಸರು ನಿಂತಿತು.

ಇಂದಿಗೂ ಆ ಪುಟ್ಟ ಕಲ್ಲನ್ನು ಯಾರೂ ತುಳಿಯುವುದಿಲ್ಲ. ಬಗ್ಗಿ ಮುಟ್ಟಿ ದಾಟುತ್ತಾರೆ. ಮರೆತು ಹತ್ತಿ ಬಂದವರು ಎಂಥ ದೊಡ್ಡವರೇ ಇರಲಿ, ಏದುಸಿರು ಬಿಡುತ್ತಲೇ ಇರಲಿ, ಪೂಜಾರಿ ಆರತಿ ತಟ್ಟೆ ಹಿಂದಕ್ಕೆ ಹಿಡಿದು ಕೇಳುತ್ತಾನೆ:

“ಕೂಸಿನ್ನ ಮಾತಾಡ್ಸಿ ಬಂದ್ರೇನ್ರಿ?”

ಅವರು ಇಳಿದು ಹೋಗಿ ಮಾತಾಡಿಸಿ ಬರುವವರೆಗೂ ಭರಮಗೌಡ ಕಾಯುತ್ತಾನೆ.