ಕಾಯಿಸದ ತಮಟೆ

ದೊಡ್ಡ ಕೆಂಚಯ್ಯನಿಗೆ ಆಶ್ರಮ ಇರಲಿಲ್ಲ. ಕೆರೆ ಏರಿಯ ಕೆಳಗೆ ಒಂದು ಹುಣಸೆಮರ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ತಮಟೆ ಕಲಿಯುವವರು ಅಲ್ಲಿಗೇ ಬರಬೇಕು. ಕಲ್ಲಿನ ಮೇಲೆ ಮುದುಕ, ಮಣ್ಣಿನ ಮೇಲೆ ಶಿಷ್ಯ. ಅಷ್ಟೇ ಗುರುಕುಲ.

ಸಣ್ಣೀರ ಆ ಮಣ್ಣಿನ ಮೇಲೆ ಹನ್ನೊಂದು ವರ್ಷ ಕೂತಿದ್ದವನು. ಒಂದು ಬೆಳಿಗ್ಗೆ ಲಗೇಜ್ ಆಟೋದಲ್ಲಿ ನಾಲ್ಕು ಬಗೆಯ ವಾದ್ಯ ತಂದು ಮರದ ಕೆಳಗೆ ಸಾಲಾಗಿ ಇಟ್ಟ.

“ಏನ್ಲಾ ಇದು, ಸಂತೆ ಹೂಡಿದೀಯ?” ಅಂದ ಕೆಂಚಯ್ಯ.

“ಹೊಸ ತಂಡ ಕಟ್ತಾ ಇದೀನಿ ತಾತ. ಹನ್ನೆರಡು ಜನ. ಊರಿಂದ ಜಿಲ್ಲಾ ಕಚೇರಿವರೆಗೆ ಬಾರಿಸಿಕೊಂಡು ನಡೀತೀವಿ. ಯಾವ ವಾದ್ಯ ಹಿಡೀಬೇಕು, ನೀನೇ ಆರಿಸಿ ಕೊಡು.”

“ಯಾವ ದೇವರ ಮೆರವಣಿಗೆ?”

“ದೇವರದಲ್ಲ. ತಿಮ್ಮರಾಜುಂದು.”



ತಿಮ್ಮರಾಜು ಸಣ್ಣೀರನ ತಮ್ಮ. ಪಟ್ಟಣದ ಒಳಚರಂಡಿ ಗುಂಡಿಗೆ ಅವನನ್ನು ಹಗ್ಗವಿಲ್ಲದೆ ಇಳಿಸಿದರು. ಮೇಲೆ ಬಂದದ್ದು ಹೆಣ. ಮನುಷ್ಯನನ್ನು ಗುಂಡಿಗೆ ಇಳಿಸುವುದು ಅಪರಾಧ ಅಂತ ಕಾನೂನಿನ ಪುಸ್ತಕದಲ್ಲಿ ಬರೆದಿದೆ. ಇಳಿಸಿದ ಗುತ್ತಿಗೆದಾರನ ಮೇಲೆ ಹದಿನಾಲ್ಕು ತಿಂಗಳಾದರೂ ಒಂದು ಕೇಸು ಬೀಳಲಿಲ್ಲ. ಸಣ್ಣೀರ ಜಿಲ್ಲಾ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟ. ಆ ಕಚೇರಿಯೂ ಒಂದು ಗುಂಡಿಯೇ. ಒಳಗೆ ಇಳಿದದ್ದು ಯಾವುದೂ ಜೀವಸಹಿತ ಮೇಲೆ ಬರಲಿಲ್ಲ.

“ಕಣ್ಣಿಗೆ ಬೀಳದೇ ಇದ್ದದ್ದು ಕಿವಿಗಾದರೂ ಬೀಳಲಿ ತಾತ. ಕೇಸು ದಾಖಲಾಗಬೇಕು. ನಂಗೆ ಬೇರೇನೂ ಬೇಡ.”

“ಬಾರಿಸು,” ಅಂದ ಕೆಂಚಯ್ಯ.

ಮೊದಲು ಬ್ಯಾಂಡ್‌ಸೆಟ್ಟಿನ ಸ್ಟೀಲಿನ ಡ್ರಮ್ಮು. ಸಣ್ಣೀರ ಕೊರಳಿಗೆ ಪಟ್ಟಿ ಹಾಕಿಕೊಂಡು ಕಡ್ಡಿಗಳನ್ನು ಆಡಿಸಿದ. ಸದ್ದು ಕತ್ತರಿಸಿದ ಹಾಗೆ ಚುರುಕಾಗಿ ಬಂತು.

“ಶಾಲೆ ಮಕ್ಕಳು ಧ್ವಜ ಹಾರಿಸೋಕೆ ಹೊರಟ ಹಾಗಿದೆ. ಪಕ್ಕಕ್ಕಿಡು.”

ಎರಡನೆಯದು ಡೊಳ್ಳು. ಕೆಂಚಯ್ಯ ಸದ್ದು ಕೇಳಲೇ ಇಲ್ಲ. “ಹೆಗಲಿಗೆ ಹಾಕ್ಕೊಂಡು ತೂಬಿನವರೆಗೂ ಹೋಗಿ ಬಾ,” ಅಂದ.

ಸಣ್ಣೀರ ಹೋಗಿ ಬಂದ. ಬೆನ್ನು ಒದ್ದೆಯಾಗಿತ್ತು.

“ಕಚೇರಿ ಎಷ್ಟು ದೂರ?”

“ಮೂವತ್ತು ಕಿಲೋಮೀಟರು.”

“ಪುಟ್ಟತಾಯಿನೂ ಬರ್ತಾಳಾ?”

ಪುಟ್ಟತಾಯಿ ತಿಮ್ಮರಾಜುವಿನ ಹೆಂಡತಿ. ಗಾಳಿ ಬಂದರೆ ಮರ ಹಿಡಿದುಕೊಳ್ಳಬೇಕು, ಅಷ್ಟು ಬಡಕಲು.

“ಮುಂದೆ ನಿಲ್ಲೋಳೇ ಅವಳು.”

“ಹೆಗಲ ಮೇಲೆ ಈಗಿರೋ ಭಾರ ಅವಳಿಗೆ ಸಾಲದಾ?”

ಡೊಳ್ಳೂ ಪಕ್ಕಕ್ಕೆ ಹೋಯಿತು.

ಮೂರನೆಯದನ್ನು ಸಣ್ಣೀರ ಆಸೆಯಿಂದ ಎತ್ತಿಕೊಂಡ. ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದ ಹೊಸ ತಮಟೆ. “ಇದು ಜಾಣ ವಾದ್ಯ ತಾತ. ಮಳೆಗೆ ಜಗ್ಗಲ್ಲ, ಬಿಸಿಲಿಗೆ ಬಿರಿಯಲ್ಲ. ಘಳಿಗೆಗೊಂದು ಸಲ ಹುಲ್ಲು ಉರಿಸಿ ಕಾಯಿಸೋ ಗೋಳೂ ಇಲ್ಲ.”

ಕೆಂಚಯ್ಯ ಅದನ್ನು ಉಗುರಿನಿಂದ ಮೀಟಿದ. ಕಿವಿಗೆ ಹಿಡಿದ. ವಾಪಸ್ಸು ಕೊಟ್ಟ.

“ಇದರಲ್ಲಿ ಸತ್ತದ್ದು ಏನೂ ಇಲ್ಲ. ಸತ್ತವನ ಸುದ್ದಿ ಇದಕ್ಕೇನು ಗೊತ್ತು?”

ಉಳಿದದ್ದು ಒಂದೇ, ಕರುವಿನ ಚರ್ಮದ ತಮಟೆ. ಸಣ್ಣೀರ ಸಂತೋಷದಿಂದ ಒಣಹುಲ್ಲು ಗುಡ್ಡೆ ಮಾಡತೊಡಗಿದ. ಚರ್ಮಕ್ಕೆ ಬೆಂಕಿಯ ಕಾವು ತಗುಲಿದರೆ ಬಿಗಿಯುತ್ತದೆ, ಬಿಗಿದರೆ ನುಡಿಯುತ್ತದೆ. ಹಟ್ಟಿಯ ಹಸುಗೂಸಿಗೂ ಗೊತ್ತಿರುವ ವಿಷಯ.

“ಹಾಗೇ ಬಾರಿಸು,” ಅಂದ ಕೆಂಚಯ್ಯ.

“ತಣ್ಣಗಿದೆ ತಾತ.”

“ಹಾಗೇ ಬಾರಿಸು ಅಂದೆ.”

ಸಣ್ಣೀರ ನಕ್ಕ. “ನನ್ನ ಪರೀಕ್ಷೆ ಮಾಡ್ತಿದೀಯ? ಕಾಯಿಸದೆ ತಮಟೆ ಮುಟ್ಟಿದ್ದಕ್ಕೆ ನಮ್ಮಪ್ಪ ಒಂದ್ಸಲ ಬಿದಿರ ಗಣೆ ತಗೊಂಡು ಬೆರಳಿಗೇ ಬಿಟ್ಟಿದ್ದ.” ಹುಲ್ಲಿಗೆ ಕಡ್ಡಿ ಗೀರಿದ. ಚರ್ಮವನ್ನು ಜ್ವಾಲೆಯ ಮೇಲೆ ಸುತ್ತಿಸಿ ಸುತ್ತಿಸಿ ಕಾಯಿಸಿದ. ಆಮೇಲೆ ಬಾರಿಸಿದ.

ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇತ್ತ ತಿರುಗಿದರು.

ಮುದುಕ ಕಣ್ಣು ಮುಚ್ಚಿಕೊಂಡ. “ತಗೊಂಡು ಹೋಗು,” ಅಂದ. ಇನ್ನೇನೂ ಹೇಳಲಿಲ್ಲ.

ಐದು ತಿಂಗಳು ತಾಲೀಮು ನಡೆಯಿತು. ಹನ್ನೆರಡು ತಮಟೆ, ಹನ್ನೆರಡು ನೀಲಿ ಅಂಗಿ. ಹನ್ನೆರಡು ಜನ ಒಂದೇ ಮೈಯ ಹಾಗೆ ಕಾಲು ಹಾಕುವುದನ್ನು ಕಲಿತರು. ಪುಟ್ಟತಾಯಿಯ ಕೈಯಲ್ಲಿ ಗುಳ್ಳೆಗಳೆದ್ದವು, ಒಡೆದವು, ಗಟ್ಟಿಯಾದವು.

ಒಂದು ಸೋಮವಾರ ಹೊರಟರು. ದಾರಿಯುದ್ದಕ್ಕೂ ಹುಲ್ಲು ಉರಿಸಿದರು, ಕಾಯಿಸಿದರು, ಬಾರಿಸಿದರು. ಊರೂರಲ್ಲೂ ಜನ ಬಾಗಿಲಿಗೆ ಬಂದರು. ಹುಡುಗರು ಹಿಂದೆ ಕುಣಿದುಕೊಂಡು ಬಂದರು. ಮಾರನೆಯ ದಿನ ಕಚೇರಿಯ ಗೇಟಿನ ಮುಂದೆ ನಿಂತು ಬಾರಿಸಿದಾಗ ಮೂರು ಅಂತಸ್ತಿನ ಕಿಟಕಿಗಳೂ ತೆರೆದುಕೊಂಡವು.

ಸಾಹೇಬರೇ ಕೆಳಗೆ ಇಳಿದು ಬಂದರು.

ಮೂರನೆಯ ದಿನ ಸಣ್ಣೀರ ಮತ್ತು ಪುಟ್ಟತಾಯಿ ಹುಣಸೆಮರದ ಕೆಳಗೆ ಬಂದು ಕೂತರು. ಸಣ್ಣೀರನ ಕಂಕುಳಲ್ಲಿ ಒಂದು ಕೇಸರಿ ಶಾಲು ಇತ್ತು.

“ಸಾಹೇಬರು ಕೇಳಿದ್ರಾ?” ಅಂದ ಕೆಂಚಯ್ಯ.

“ಕೇಳಿದ್ರು. ಕಾಲಲ್ಲಿ ತಾಳ ಹಾಕಿದ್ರು. ಫೋನಲ್ಲಿ ವೀಡಿಯೋ ಹಿಡಕೊಂಡ್ರು. ಪೊಲೀಸಿನವರೂ ಹಿಡಕೊಂಡ್ರು. ಆಮೇಲೆ ಚಪ್ಪಾಳೆ ತಟ್ಟಿದ್ರು.”

“ಅರ್ಜಿ?”

“ಗುಮಾಸ್ತನ ಕೈಗೆ ದಾಟಿಸಿದ್ರು. ಜಿಲ್ಲಾ ಉತ್ಸವಕ್ಕೆ ಇಂಥ ತಂಡವನ್ನೇ ಹುಡುಕ್ತಿದ್ದೆ ಅಂದ್ರು. ಈ ಶಾಲು ಹೊದಿಸಿದ್ರು.”

“ನೀನೇನು ಮಾಡಿದೆ?”

ಸಣ್ಣೀರ ನೆಲ ನೋಡಿದ. “ತಲೆ ಬಗ್ಗಿಸಿದೆ ತಾತ. ಯಾರೂ ಬಗ್ಗಿಸು ಅನ್ನಲಿಲ್ಲ. ತಾನಾಗೇ ಬಗ್ತು.”

“ನಾನು ನಕ್ಕೆ,” ಅಂದಳು ಪುಟ್ಟತಾಯಿ. “ಚಪ್ಪಾಳೆ ಬಿದ್ದಾಗ ನನ್ನ ಮುಖ ನಗ್ತಿತ್ತು ತಾತ. ಗಂಡನ್ನ ತಿಂದವರ ಮುಂದೆ.”

ಕೆಂಚಯ್ಯ ಎದ್ದು ಮರದ ಹಿಂದಿನ ತನ್ನ ಗುಡಿಸಲಿನೊಳಗೆ ಹೋದ. ಒಂದು ತಗಡಿನ ಟ್ರಂಕನ್ನು ದರದರ ಎಳೆದುಕೊಂಡು ಬಂದು ಮುಚ್ಚಳ ತೆಗೆದ. ಒಳಗೆ ಬರೀ ಶಾಲು. ಕೆಂಪು, ಹಸಿರು, ಜರಿಯವು. ಕೆಳಗಿನವುಗಳಿಗೆ ಗೆದ್ದಲು ಹಿಡಿದಿತ್ತು.

“ನಂಗೂ ಒಂದು ಹೆಣ ಇತ್ತು ಮಗ.”

ಹನ್ನೊಂದು ವರ್ಷದಲ್ಲಿ ಸಣ್ಣೀರ ಇದನ್ನು ಕೇಳಿರಲಿಲ್ಲ.

“ಊರ ಬಾವಿಗೆ ನಮ್ಮನ್ನ ಬಿಡ್ತಿರಲಿಲ್ಲ. ದನ ಮೀಯೋ ಕುಂಟೆ ನೀರು ಕುಡಿದು ನನ್ನ ಮಗಳು ವಾಂತಿ ಮಾಡ್ಕೊಂಡು ಹೋದಳು. ಆರು ವರ್ಷದ ಕೂಸು. ಬಾವಿ ಬಿಡಿಸಿ ಅಂತ ತಾಲ್ಲೂಕು ಕಚೇರಿ ಮುಂದೆ ಹೋಗಿ ಬಾರಿಸಿದೆ. ಚೆನ್ನಾಗಿ ಬಾರಿಸಿದೆ ಕಣ್ಲಾ. ಅಲ್ಲೇ ಕೆಟ್ಟೆ. ಅವತ್ತಿನ ಸಾಹೇಬ ಶಾಲು ಹೊದಿಸಿದ.”

“ಬಾವಿ?”

“ಶಾಲು ಮೈ ಸುಟ್ಟ ಹಾಗಾಯ್ತು ಮೊದಲನೇ ಸಲ. ಎರಡನೇ ಸಲ ಬೆಚ್ಚಗಿತ್ತು. ಮೂರನೇ ಸಲ ಯಾವ ಬಣ್ಣದ್ದು ಅಂತ ನೋಡಿದೆ.”

“ತಾತ, ಬಾವಿ ಏನಾಯ್ತು?”

“ಆಮೇಲೆ ನಾನೂ ಕೇಳಲಿಲ್ಲ.”

ಏರಿಯ ಮೇಲೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು.

“ಇದೆಲ್ಲ ಮೊದಲೇ ಯಾಕೆ ಹೇಳಲಿಲ್ಲ ನೀನು?” ಸಣ್ಣೀರನ ದನಿ ಗಡುಸಾಗಿತ್ತು.

“ಹೇಳಿದೆ. ಹಾಗೇ ಬಾರಿಸು ಅಂದೆ. ನೀನು ಹುಲ್ಲು ಹಚ್ಚಿದೆ.”

“ಕಾಯಿಸದೆ ಬಾರಿಸೋದಾ? ನಾಕು ಜನರ ಮುಂದೆ? ಕಸುಬಿನ ಮರ್ಯಾದೆ ಏನಾಗಬೇಕು ತಾತ?”

“ನಿನ್ನ ತಮ್ಮನ ಮರ್ಯಾದೆ ಏನಾಯ್ತೋ ಅದೇ ಆಗಲಿ.”

ಕೆಂಚಯ್ಯ ಸಣ್ಣೀರನ ಪಕ್ಕದಲ್ಲಿದ್ದ ತಮಟೆ ಎತ್ತಿಕೊಂಡು ಕೆರೆಯ ಅಂಚಿಗೆ ಇಳಿದ. ಅದನ್ನು ನೀರಿನಲ್ಲಿ ಮುಳುಗಿಸಿ ಹಿಡಿದುಕೊಂಡು ನಿಂತ. ಸಣ್ಣೀರನಿಗೆ ಅದನ್ನು ನೋಡಲಾಗಲಿಲ್ಲ. ತಮಟೆಯವನಿಗೆ ಅದು ಕೂಸನ್ನು ಮುಳುಗಿಸಿದ ಹಾಗೆ.

ಚರ್ಮ ನೆನೆದು ಜೋತುಬಿತ್ತು. ಮುದುಕ ಮೇಲೆ ಬಂದು ಅದಕ್ಕೆ ಒಂದು ಏಟು ಹಾಕಿದ.

ದಬ್.

ಕೊಕ್ಕರೆ ಏಳಲಿಲ್ಲ. ಒಗೆಯುವ ಹೆಂಗಸರು ತಿರುಗಲಿಲ್ಲ. ಆದರೆ ಪುಟ್ಟತಾಯಿ ಸೆರಗು ಬಾಯಿಗೆ ತುರುಕಿಕೊಂಡಳು.

“ಭಾವ,” ಅಂದಳು ಸೆರಗು ತೆಗೆದು. “ಅವರನ್ನ ಗುಂಡಿಯಿಂದ ಎಳೆದು ರಸ್ತೆ ಮೇಲೆ ಹಾಕಿದಾಗ ಇದೇ ಸದ್ದು ಬಂತು.”

ಮತ್ತೆ ಹೊರಡುವ ದಿನ ಬಂದದ್ದು ಏಳೇ ಜನ. ಉಳಿದ ಐವರಿಗೆ ಜಿಲ್ಲಾ ಉತ್ಸವದ ತಾಲೀಮಿತ್ತು. ಅವರಲ್ಲೊಬ್ಬ ಎದುರಿಗೇ ಹೇಳಿದ: “ಅಣ್ಣ, ನಿನ್ನ ತಮ್ಮನಿಗೋಸ್ಕರ ಕಾಲು ಸವೆಸ್ತೀನಿ. ನಮ್ಮಪ್ಪನ ವಾದ್ಯಾನ ಕೊಳೆಸಲ್ಲ.” ಸಣ್ಣೀರ ಬೈಯದೆ ಅವನನ್ನು ಹೋಗಗೊಟ್ಟ. ಮೊನ್ನೆ ಮೊನ್ನೆಯವರೆಗೆ ತಾನೂ ಅದನ್ನೇ ಹೇಳುತ್ತಿದ್ದ.

ಈ ಸಲ ದಾರಿಯಲ್ಲಿ ಯಾರೂ ಬಾಗಿಲಿಗೆ ಬರಲಿಲ್ಲ. ಹುಡುಗರು ಹತ್ತು ಹೆಜ್ಜೆ ಕುಣಿಯಲು ನೋಡಿ, ಕಾಲು ಕೂಡದೆ ಹಿಂದೆ ಉಳಿದರು. ಒಂದು ಟೀ ಅಂಗಡಿಯವನು ಕೇಳಿದ: “ಏನಣ್ಣ, ಕಾಯಿಸೋಕೆ ಬೆಂಕಿಪೊಟ್ಟಣ ಕೊಡ್ಲಾ?”

“ಜೇಬಲ್ಲಿದೆ,” ಅಂದ ಸಣ್ಣೀರ.

ಟೀ ಅಂಗಡಿಯವನು ನಗಲು ಹೊರಟವನು ನಗಲಿಲ್ಲ.

ಚರ್ಮ ಒಣಗಿದಂತೆಲ್ಲ ಹಳ್ಳ ಕೊಳ್ಳಗಳಲ್ಲಿ ಅದ್ದಿಕೊಂಡರು. ಮಾರನೆಯ ದಿನ ಹನ್ನೊಂದು ಗಂಟೆಗೆ ಗೇಟಿನ ಮುಂದೆ ನಿಂತರು. ಗತ್ತಿಲ್ಲ, ಮಟ್ಟಿಲ್ಲ, ಕುಣಿಸುವ ತಾಳವಿಲ್ಲ. ಏಳು ಜನರಿಂದ ಒಂದೇ ಏಟು, ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು ಮೌನ, ಮತ್ತೆ ಒಂದು ಏಟು.

ಒಂದು ಕಿಟಕಿ ತೆರೆದು ಮುಚ್ಚಿಕೊಂಡಿತು. ಹನ್ನೆರಡಾಯಿತು. ಒಂದಾಯಿತು. ಒಬ್ಬ ಗುಮಾಸ್ತ ಊಟದ ಡಬ್ಬಿ ಹಿಡಿದು ಹೊರಗೆ ಬಂದು, ಕಾಂಪೌಂಡಿನ ಮರದ ಕೆಳಗೆ ಕೂತು, ಅದನ್ನು ತೆರೆಯದೆ ಒಳಗೆ ಹೋದ.

ಜವಾನ ಓಡಿ ಬಂದ. “ಸಾಹೇಬ್ರು ಹೇಳಿದಾರೆ, ಹೋದ ಸಲದ್ದು ಬಾರಿಸಬೇಕಂತೆ.”

“ಕೇಸು ಹಾಕಬೇಕಂತೆ ಅಂತ ಹೇಳು,” ಅಂದಳು ಪುಟ್ಟತಾಯಿ.

ದಬ್.

ಎರಡು ಗಂಟೆಗೆ ಪೊಲೀಸಿನವರು ಬಂದರು. ಅವರಲ್ಲೊಬ್ಬನನ್ನು ಸಣ್ಣೀರ ಗುರುತು ಹಿಡಿದ. “ಹೋದ ಸಲ ನೀವೂ ವೀಡಿಯೋ ಮಾಡ್ಕೊಂಡ್ರಿ ಸ್ವಾಮಿ.”

“ಅದು ಕಲೆ ಕಣಯ್ಯ. ಇದು ಗಲಾಟೆ.”

ಆಮೇಲೆ ಲಾಠಿಗಳು ಬಂದವು. ಮೊದಲು ತಮಟೆಗಳ ಮೇಲೆ, ನೆನೆದ ಚರ್ಮ ಬಟ್ಟೆಯ ಹಾಗೆ ಹರಿಯಿತು. ಆಮೇಲೆ ಹಿಡಿದ ಕೈಗಳ ಮೇಲೆ. ಪುಟ್ಟತಾಯಿಯ ಮಣಿಕಟ್ಟು ಮುರಿಯಿತು. ಸಣ್ಣೀರನ ಹಣೆ ಒಡೆಯಿತು.

ಅಂದು ಸಂಜೆಗೆ ಕೊನೆಗೂ ಒಂದು ಕೇಸು ದಾಖಲಾಯಿತು. ಏಳು ಜನರ ಮೇಲೆ.

ಜಾಮೀನಿನ ಮೇಲೆ ಹೊರಬಂದ ದಿನ ಸಣ್ಣೀರ ನೇರ ಕೆರೆ ಏರಿಗೆ ನಡೆದ. ಕೆಂಚಯ್ಯನಿಗೆ ಜ್ವರ. ಕಲ್ಲಿನ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಸಣ್ಣೀರ ಕೈ ಮುಗಿಯಲಿಲ್ಲ. ಮಣ್ಣಿನ ಮೇಲೆ ಕೂರಲಿಲ್ಲ. ನಿಂತುಕೊಂಡೇ ಮಾತಾಡಿದ.

“ನೀನು ಆರಿಸಿ ಕೊಟ್ಟದ್ದು ಇಷ್ಟು ಮಾಡ್ತು ನೋಡು. ತಂಡ ಇಲ್ಲ. ತಮಟೆ ಇಲ್ಲ. ಆ ಹೆಣ್ಣುಮಗಳು ಎಡಗೈಯಲ್ಲಿ ಅನ್ನ ಉಣ್ತಾ ಇದಾಳೆ.”

ಮುದುಕ ಕಂಬಳಿ ಸರಿಸಿ ಅವನತ್ತ ತಿರುಗಿದ.

“ಗುತ್ತಿಗೆದಾರ ಹೊಸ ಗುಂಡಿ ಹಿಡಿದಿದಾನೆ. ಆ ಐದು ಜನ ನಾಳಿದ್ದು ಉತ್ಸವದಲ್ಲಿ ಬಾರಿಸ್ತಾರೆ. ನಾನು ವಾಯಿದೆಗೆ ಕೋರ್ಟು ಅಲೀತೀನಿ. ಕಾಯಿಸಿ ಬಾರಿಸಿದ್ದರೆ ಊಟನಾದರೂ ಹಾಕ್ತಿದ್ರು ತಾತ.”

“ಹೂಂ.”

“ಹೂಂ ಅಂದ್ರೆ? ಇನ್ನು ಯಾವ ವಾದ್ಯ ಹಿಡೀಲಿ ಹೇಳು. ನೀನು ಗುರು ತಾನೇ? ಹೇಳು.”

ಕೆಂಚಯ್ಯ ಮೊಣಕೈ ಊರಿ ನಿಧಾನ ಎದ್ದು ಕೂತ. ಹತ್ತಿರ ಬಾ ಅಂತ ಕೈ ಮಾಡಿದ. ಸಣ್ಣೀರ ಬಗ್ಗಿದ. ಮುದುಕ ಅವನ ಹಣೆಯ ಊದಿದ ಗಾಯದ ಮೇಲೆ ಎರಡು ಬೆರಳಿಟ್ಟ, ಹೊಸದಾಗಿ ಬಿಗಿದ ಚರ್ಮದ ಹದ ನೋಡುವ ಹಾಗೆ. ತುಂಬ ಹೊತ್ತು ತೆಗೆಯಲಿಲ್ಲ. ಆಮೇಲೆ ಅಂದ:

“ನಂಗೆ ಐವತ್ತು ವರ್ಷ ಬರೀ ಶಾಲು ಹೊದಿಸಿದ್ರು. ಒಬ್ಬರೂ ಹೊಡೀಲಿಲ್ಲ ಮಗ.”